ಬಂಡಿಯೇರಿದ ದೋಣಿ

ಚಿತ್ರದುರ್ಗದ ಸೀಮೆಗೆ ಹೊಂದಿಕೊಂಡಿರುವ ತೆಲುಗು ನಾಡಿನಲ್ಲಿ ‘ಓಡಲು ಬಂಡ್ಲು, ಬಂಡ್ಲು ಓಡಲು’ ಎಂಬ ಗಾದೆಯುಂಟು. ಹಡಗುಗಳು ಬಂಡಿಗಳಾಗುವುವು, ಬಂಡಿಗಳು ಹಡಗುಗಳಾಗುವುವು ಎಂದು ಇದರ ತಾತ್ಪರ್ಯ. ಸಿರಿವಂತನು ಬಡವನಾಗುವುದನ್ನೂ ಬಡವನು ಸಿರಿವಂತನಾಗುವುದನ್ನೂ ಸೂಚಿಸುವುದಕ್ಕೆ ಹಿರಿಯರು ಈ ಮಾತನ್ನು ಬಳಸುತ್ತಾರೆ. ಆದರೆ ನೀರಿನ ಮೇಲೆ ನಡೆಯತಕ್ಕ ದೋಣಿಯನ್ನು ನಿಜವಾಗಿಯೂ ಗಾಲಿಗಳ ಮೇಲೆ ಕೂರಿಸಿ, ಗಾಲಿಗಳ ಮೇಲಿನ ಮನೆಯೊಂದರ ಹಿಂದೆ ಕಟ್ಟಿ, ಊರಿಂದೂರಿಗೆ ಎಳೆದುಕೊಂಡು ಹೋಗುವವರೂ ಲೋಕದಲ್ಲಿದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಬಿಡುವಿನ ದಿನಗಳ ಸಾಮಾನ್ಯ ವಿನೋದ. ಸಮುದ್ರದಿಂದ ಬಹುದೂರದ ಬಯಲುಸೀಮೆಯಲ್ಲಿ ಇದು ಹುಚ್ಚಾಟವೆನಿಸಬಹುದು. ಹುಚ್ಚಾಟವೇ ಹೌದೋ ಅಲ್ಲವೋ ಎಂಬುದನ್ನು ವಿಚಾರಮಾಡಿ ನೋಡಲು ಅಡ್ಡಿಯೇನಿದೆ?

ಎರಡು ಒಡಲುಗಳನ್ನು ಜೋಡಿಸಿ ನಡುವೆ ಕೂವೆಮರವನ್ನು ನಿಲ್ಲಿಸಿ ಹಾಯಿ ಕಟ್ಟಿದ ದೋಣಿಗೆ ಆಂಗ್ಲೇಯರು ‘ಕ್ಯಾಟಮರಾನ್’ ಎಂದು ಹೆಸರಿಟ್ಟಿದ್ದಾರೆ. ಕೇಳುವುದಕ್ಕೆ ಪರದೇಶದ ಶಬ್ದದಂತಿದ್ದರೂ ಇದರ ತವರು ದಕ್ಷಿಣ ದೇಶವೇ. ಚೋಳಮಂಡಲದ ಕರಾವಳಿಯ ಬೆಸ್ತರು ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಸುತ್ತಿದ್ದ ಸಾಧನಕ್ಕೆ ತಮಿಳಿನಲ್ಲಿ ‘ಕಟ್ಟುಮರಂ’ ಎಂದು ಹೆಸರು. ‘ಕಟ್ಟು’, ‘ಮರ’ ಈ ಎರಡು ಪದಗಳಿಗೂ ಅರ್ಥ ಹೇಳಿಕೊಡಬೇಕಾದ ಕನ್ನಡಿಗನು ಇರಲಾರನು. ವಿಲಿಯಂ ಡ್ಯಾಂಪಿಯರ್ ಎಂಬ ನಾವಿಕನು ೧೬೯೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹೆಸರನ್ನು ಬಳಸಿದನು. ಬಳಿಕ ಆಂಗ್ಲೇಯರು ಪೆಸಿಫಿಕ್ ಸಾಗರದ ದ್ವೀಪವಾಸಿಗಳ ಜೋಡಿದೋಣಿಗಳಿಗೂ ಅದೇ ಹೆಸರನ್ನು ಹಚ್ಚಿದರು. ೧೮೭೬ರಲ್ಲಿ ಅಮೆರಿಕೆಯ ನಥಾನಿಯಲ್ ಹೆರೆಶಾಫ್ ಎಂಬ ಶಿಲ್ಪಿಯು ಕಟ್ಟಿದ ‘ಅಮರಿಲ್ಲಿಸ್’ ಎಂಬ ಜೋಡಿದೋಣಿಯು ನ್ಯೂಯಾರ್ಕಿನ ಪಂದ್ಯದಲ್ಲಿ ದೊಡ್ಡ ದೊಡ್ಡ ಹಾಯಿದೋಣಿಗಳನ್ನು ಹಿಂದೆ ಹಾಕಿತು. ಸೋತವರು ಮಾಡಿದ್ದೇನು? ಮುಂದಿನ ಪಂದ್ಯಗಳಿಗೆ ಇಂತಹ ದೋಣಿಯೇ ಸಲ್ಲದೆಂದು ನಿಷೇಧಿಸಿದರು! ವೇಗವು ಯಾವಾಗಲೂ ಮಿತ್ರರನ್ನೇ ತರುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

೧೯೬೮ರಿಂದ ಮುಂದಕ್ಕೆ ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ ಎಂಬವನು ಇದನ್ನು ಸಾಮಾನ್ಯ ಜನರ ಕೈಗೆ ಎಟುಕುವಂತೆ ಮಾಡಿದನು. ಅವನ ಹದಿನಾರಡಿಯ ದೋಣಿಯು ಸುಮಾರು ಐದು ಮೀಟರು ಉದ್ದ, ೨.೪ ಮೀಟರು ಅಗಲ, ೧೪೫ ಕಿಲೋ ತೂಕ. ಅಂದರೆ ಒಂದೂವರೆ ಕ್ವಿಂಟಲಿಗೂ ಕಡಿಮೆ. ಮರಳಿನ ದಂಡೆಗೆ ನೇರವಾಗಿ ಓಡಿಬಂದು ನಿಲ್ಲುವಂತೆ ಅದರ ತಳವನ್ನು ರೂಪಿಸಲಾಗಿದೆ. ಬಂದರು ಬೇಡ, ಕಟ್ಟೆ ಬೇಡ; ಎಲ್ಲಿ ನೀರುಂಟೋ ಅಲ್ಲಿಗೆ ಅದನ್ನು ಒಯ್ಯಬಹುದು. ಭಾರತದ ೧೯೮೯ರ ಮೋಟಾರು ವಾಹನ ನಿಯಮಗಳಂತೆ ರಸ್ತೆಯ ವಾಹನದ ಅಗಲವು ೨.೬ ಮೀಟರನ್ನು ಮೀರಕೂಡದು. ಆದುದರಿಂದ ಈ ದೋಣಿಯು ಬಿಚ್ಚದೆ ಮಡಿಸದೆ ಈ ದೇಶದ ರಸ್ತೆಯಲ್ಲಿ ಹಾಗೆಯೇ ಸಾಗಬಹುದಾದಷ್ಟೇ ಅಗಲವಾಗಿದೆ.

ಇನ್ನು ಗಾಲಿಗಳ ಮೇಲಿನ ಮನೆ. ಇದೂ ಈ ಸೀಮೆಗೆ ಹೊಸದಲ್ಲ. ನಾಯಕನಹಟ್ಟಿಯ ಜಾತ್ರೆಗೆ ಹಿಂದಿನ ಕಾಲದ ಒಕ್ಕಲು ಕುಟುಂಬವು ಹೊರಟ ಬಗೆಯನ್ನು ಸ್ಮರಿಸಿದರೆ ಸಾಕು. ಕಮಾನು ಕಟ್ಟಿದ ಬಂಡಿ, ಕೆಳಗೆ ಹುಲ್ಲಿನ ಹಾಸು, ಅದರ ಮೇಲೆ ಕಂಬಳಿ, ಮೂಲೆಯಲ್ಲಿ ರೊಟ್ಟಿಯ ಗಂಟು, ಅಚ್ಚಿನ ಕೆಳಗೆ ತೂಗಾಡುವ ನೀರಿನ ಕೊಡ, ಹಿಂದೆ ಕಟ್ಟಿದ ಕರು. ಮಕ್ಕಳು ಅದರಲ್ಲಿಯೇ ಮಲಗಿ ಅದರಲ್ಲಿಯೇ ಎದ್ದರು. ೧೮೮೫ರಲ್ಲಿ ಬ್ರಿಟನ್ನಿನ ವೈದ್ಯ ಗಾರ್ಡನ್ ಸ್ಟೇಬಲ್ಸ್ ಎಂಬವನು ಕುದುರೆ ಎಳೆಯುವ ಮನೆಯೊಂದನ್ನು ಮಾಡಿಸಿಕೊಂಡು ದೇಶ ಸುತ್ತಿದಾಗ ಅಲ್ಲಿನವರು ಅದನ್ನು ನವೀನವೆಂದು ಕೊಂಡಾಡಿದರು. ಎತ್ತಿನ ಜಾಗಕ್ಕೆ ಯಂತ್ರವೂ ಹುಲ್ಲಿನ ಜಾಗಕ್ಕೆ ಡೀಸೆಲೂ ಬಂದುದೇ ಇಂದಿನ ಮೋಟಾರು ಮನೆ. ಹಿಂದೆ ಕಟ್ಟಿದ ಕರುವಿನ ಜಾಗದಲ್ಲಿ ದೋಣಿಯಿದೆ, ಅಷ್ಟೇ ವ್ಯತ್ಯಾಸ.

ಇಂತಹ ಯಾತ್ರೆಗೆ ಮನಸ್ಸುಮಾಡುವ ಗೃಹಸ್ಥರೊಬ್ಬರನ್ನು ಚಿಕ್ಕಜಾಜೂರಿನಲ್ಲಿ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ರೈಲು ಇಲಾಖೆಯಲ್ಲಿ ಬಹುಕಾಲ ದುಡಿದು ವಿಶ್ರಾಂತಿ ಪಡೆದವರು ಆ ಊರಿನಲ್ಲಿ ಅಪರೂಪವಲ್ಲ. ಮದರಾಸಿನ ಕಡೆ ಕೆಲಸದಲ್ಲಿರುವ ಮಗನು ಕೈಬಿಟ್ಟ ಹಳೆಯ ಹಾಯಿದೋಣಿಯೊಂದು ಅವರ ಪಾಲಿಗೆ ಬಂದಿತೆನ್ನೋಣ. ಹಳೆಯ ವ್ಯಾನೊಂದರಲ್ಲಿ ಮಂಚ, ಒಲೆ, ನೀರಿನ ತೊಟ್ಟಿಗಳನ್ನು ಕೂಡಿಸಿ, ವಾಹನದ ರೂಪ ಬದಲಿಸುವುದಕ್ಕೆ ೧೯೮೮ರ ಕಾಯಿದೆಯಂತೆ ಪಡೆಯಬೇಕಾದ ಒಪ್ಪಿಗೆಯನ್ನೂ ಪಡೆದರೆನ್ನೋಣ. ಅಂಗಳದಲ್ಲಿ ಹುಣಿಸೆಯ ಮರದ ಕೆಳಗೆ ದೋಣಿಯು ಬಂದು ನಿಂತ ದಿನ ಮನೆಯಾಕೆಯು ಕೇಳುವ ಮೊದಲ ಪ್ರಶ್ನೆ ಯಾವುದೆಂಬುದೂ ಊಹಿಸಲು ಕಷ್ಟವಲ್ಲ.

“ಅಲ್ಲಾ, ಕುಡಿಯಾಕೆ ನೀರಿಲ್ಲದ ಸೀಮೆಗೆ ದೋಣಿ ಎಳಕೊಂಡು ಬಂದ್ರಲ್ಲ, ಕಂಡೋರು ಏನಂದಾರು?”

ಪ್ರಶ್ನೆ ಸಣ್ಣದಲ್ಲ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಜನರು ಆಕಾಶವನ್ನು ನೋಡಿ ಬಾಳಿದವರು. ಕೊಳವೆಬಾವಿ ಬತ್ತಿದಾಗ ಅಡಕೆಯ ತೋಟಕ್ಕೆ ಟ್ಯಾಂಕರಿನಲ್ಲಿ ನೀರು ಹೊಡೆಸಿ ಸಾಲಗಾರರಾದವರು ಅವರಲ್ಲಿದ್ದಾರೆ. ಅಂಥವರ ಕಣ್ಣೆದುರಿಗೆ ಹಾಯಿದೋಣಿಯನ್ನು ಮೆರೆಸಿಕೊಂಡು ಹೋಗುವುದು ಹಸಿದವನ ಮುಂದೆ ಹೋಳಿಗೆಯ ಚಿತ್ರವನ್ನು ತೋರಿಸಿದಂತಲ್ಲವೆ? ಗೃಹಸ್ಥರಿಗೆ ಇದಕ್ಕೆ ಉತ್ತರವಿಲ್ಲ. “ಮಾರಿಕಣಿವೆ ತುಂಬೈತಂತೆ, ಒಂದ್ಸಲ ನೋಡಿ ಬರಾಣ” ಎನ್ನುವರು. ಆದರೆ ಆಕೆಯ ಪ್ರಶ್ನೆಯ ಹಿಂದೆ ಇನ್ನೊಂದು ಇದೆ. ಅದನ್ನು ಆಕೆ ಬಾಯಿಬಿಟ್ಟು ಹೇಳುವುದಿಲ್ಲ. ಬಯಲುಸೀಮೆಯ ಮಕ್ಕಳಿಗೆ ಈಜು ಬಾರದು. ಕೆರೆ ತುಂಬುವುದೇ ಅಪರೂಪವಾದಲ್ಲಿ ಕಲಿಯುವುದೆಲ್ಲಿ? ಕೆರೆ ತುಂಬಿದ ವರ್ಷವೇ ಯಾವುದೋ ಮನೆಯ ಹುಡುಗನು ನೀರಿನ ಪಾಲಾಗುವನು. ಆಕೆಯ ತವರಿನಲ್ಲಿಯೂ ಹೀಗೆ ಹೋದ ತಮ್ಮನೊಬ್ಬನಿದ್ದನು ಎಂದುಕೊಂಡರೆ, ಆಕೆಗೆ ನೀರೆಂದರೆ ದೇವರೂ ಹೌದು, ಮಾರಿಯೂ ಹೌದು ಎಂಬುದು ತಿಳಿಯುವುದು.

ಎಳೆಯುವ ಕೆಲಸದ ಮರ್ಮವೆಲ್ಲ ಕೊಂಡಿಯಲ್ಲಿದೆ. ಈ ಮಾತನ್ನು ಚಿಕ್ಕಜಾಜೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಯಿಂದ ಚಿತ್ರದುರ್ಗ, ರಾಯದುರ್ಗಗಳ ದಾರಿಯು ಕವಲೊಡೆಯುವುದು ಅಲ್ಲಿಯೇ. ಡಬ್ಬಿಗಳನ್ನು ಬಿಚ್ಚುವುದು, ಸೇರಿಸುವುದು, ಕೊಂಡಿ ಬಿಗಿಯಿತೇ ಎಂದು ನೋಡುವುದು ಕೂಡುನಿಲ್ದಾಣದ ನಿತ್ಯಕರ್ಮ. ಮೋಟಾರು ಮನೆಯ ಹಿಂಬದಿಯಲ್ಲಿ ಉಕ್ಕಿನ ಗುಂಡೊಂದು, ಅದರ ಮೇಲೆ ದೋಣಿಯ ಟ್ರೇಲರಿನ ಬಟ್ಟಲು ಕೂರುವುದು. ಅದರ ಮೇಲೆ ಕೀಲಿ, ಕೀಲಿಯ ಮೇಲೆ ಕಡಾಣಿ. ಇಷ್ಟೂ ತಪ್ಪಿದರೆ ದೋಣಿಯು ರಸ್ತೆಯ ಪಾಲಾಗದಂತೆ ಎರಡು ಸರಪಣಿಗಳನ್ನು ಅಡ್ಡಹಾಯಿಸಿ ಕಟ್ಟುವುದು ಪದ್ಧತಿ. ಕೊಂಡಿ ಕಳಚಿದರೆ ಟ್ರೇಲರಿನ ಮೂಕಿಯು ನೆಲಕ್ಕೆ ನಾಟದೆ ಆ ಸರಪಣಿಗಳ ತೊಟ್ಟಿಲಿನ ಮೇಲೆ ಬೀಳುವುದು.

ಎರಡನೆಯ ಮರ್ಮ ಭಾರದ ಹಂಚಿಕೆ. ಇದನ್ನು ಗಾಡಿ ಹೊಡೆಯುವ ಒಕ್ಕಲಿಗನು ಯಾವ ಪುಸ್ತಕವನ್ನೂ ಓದದೆ ಬಲ್ಲನು. ಬಂಡಿಗೆ ಹೇರು ಹಾಕುವಾಗ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುವುದು. ಮುಂಭಾರವಾದರೆ ನೊಗವು ಹೆಗಲನ್ನು ಒತ್ತಿ ಹುಣ್ಣು ಮಾಡುವುದು. ಯಂತ್ರಕ್ಕೂ ಇದೇ ನ್ಯಾಯ. ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಕೂರಬೇಕೆಂದು ಬಲ್ಲವರು ಹೇಳುತ್ತಾರೆ. ಹಿಂಭಾರವಾದರೆ ವೇಗ ಹೆಚ್ಚಿದಂತೆ ಟ್ರೇಲರು ಹಾವಿನ ಬಾಲದಂತೆ ಅತ್ತಿತ್ತ ಹೊಡೆದಾಡತೊಡಗುವುದು; ಕೊನೆಗೆ ಬಾಲವೇ ತಲೆಯನ್ನು ಆಡಿಸಿ ಎರಡನ್ನೂ ಹಳ್ಳಕ್ಕೆ ಕೆಡವುವುದು. ಆಗ ಗಾಬರಿಯಿಂದ ವೇಗ ಹೆಚ್ಚಿಸುವುದೂ ಬ್ರೇಕನ್ನು ಥಟ್ಟನೆ ಒತ್ತುವುದೂ ಎರಡೂ ಕೇಡು. ಚಕ್ರವನ್ನು ನೇರವಾಗಿ ಹಿಡಿದು, ಕಾಲನ್ನು ಮೆಲ್ಲಗೆ ತೆಗೆದು, ಗಾಡಿ ತಾನೇ ತಣಿಯುವವರೆಗೆ ತಾಳಬೇಕು. ಸಂಸಾರದಲ್ಲಿಯೂ ಇಂತಹ ಸಂದರ್ಭಗಳು ಬರುವುದನ್ನು ಅನುಭವಸ್ಥರು ಬಲ್ಲರು.

ಮೂರನೆಯದು ಅಚ್ಚು. ದೂರ ಓಡಿ ಬಿಸಿಯಾದ ಗಾಲಿಯ ಗುಂಭವನ್ನು ಕೂಡಲೇ ತಣ್ಣೀರಿನಲ್ಲಿ ಇಳಿಸಿದರೆ ಒಳಗಿನ ಗಾಳಿಯು ಥಟ್ಟನೆ ಕುಗ್ಗಿ, ಹೊರಗಿನ ನೀರನ್ನು ಬೇರಿಂಗಿನೊಳಕ್ಕೆ ಹೀರಿಕೊಳ್ಳುವುದು. ನೀರು ಹೊಕ್ಕಲ್ಲಿ ತುಕ್ಕು, ತುಕ್ಕು ಹಿಡಿದಲ್ಲಿ ಮುರಿತ. ಆದುದರಿಂದ ದಡಕ್ಕೆ ಬಂದವರು ಮೊದಲು ಕುಳಿತು ಬುತ್ತಿ ಬಿಚ್ಚಬೇಕು, ಗಾಲಿ ಆರಿದ ಮೇಲೆ ದೋಣಿಯನ್ನು ಇಳಿಸಬೇಕು. ಮನೆಗೆ ಮರಳಿದ ಮೇಲೆ ಹಳಬರು ಕೀಲೆಣ್ಣೆ ಹಾಕುತ್ತಿದ್ದಂತೆಯೇ ಹೊಸ ಗ್ರೀಸನ್ನು ತುಂಬಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಘೋರವಾದುದು; ಅದು ತಲೆಯ ಮೇಲಿದೆ. ಕೂವೆಮರವು ಅಲ್ಯೂಮಿನಿಯಮಿನದು, ಎಂಟು ಮೀಟರು ಉದ್ದ. ದಾರಿಯಲ್ಲಿ ಅದನ್ನು ಮಲಗಿಸಿ, ಹೊರಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ ಒಯ್ಯುವರು. ದಡದಲ್ಲಿ ಉತ್ಸಾಹದಿಂದ ಅದನ್ನೆತ್ತಿ ನಿಲ್ಲಿಸುವಾಗ ಮೇಲೆ ವಿದ್ಯುತ್ತಿನ ತಂತಿಯಿದ್ದರೆ ಎತ್ತಿದವನು ಬದುಕುವುದಿಲ್ಲ. ಅಮೆರಿಕೆಯಲ್ಲಿ ಹೀಗೆ ಪ್ರಾಣಗಳು ಹೋದ ಮೇಲೆ ಹೋಬಿ ದೋಣಿಗಳ ಕೂವೆಮರದ ಮೇಲ್ಭಾಗವನ್ನು ವಿದ್ಯುತ್ತು ಹರಿಯದ ವಸ್ತುವಿನಿಂದ ಮಾಡತೊಡಗಿದರು. ಹೊಲಹೊಲಕ್ಕೂ ಪಂಪುಸೆಟ್ಟಿನ ತಂತಿಗಳು ಜೋತಾಡುವ ಈ ಸೀಮೆಯಲ್ಲಿ, ೨೫,೦೦೦ ವೋಲ್ಟಿನ ತಂತಿಯ ಕೆಳಗೆ ರೈಲು ಓಡುವ ಈ ದಿನಗಳಲ್ಲಿ, ಮೊದಲು ತಲೆಯೆತ್ತಿ ನೋಡುವುದು, ಆಮೇಲೆ ಕೂವೆಯನ್ನೆತ್ತುವುದು ಎಂಬುದನ್ನು ಮಂತ್ರದಂತೆ ಜಪಿಸಬೇಕು.

ಹೀಗೆ ಸಿದ್ಧವಾಗಿ ಹೊಳಲ್ಕೆರೆ, ಚಿತ್ರದುರ್ಗಗಳ ಮಾರ್ಗವಾಗಿ ಹಿರಿಯೂರಿನ ಕಡೆಗೆ ಹೊರಟವರಿಗೆ ದಾರಿಯಲ್ಲಿ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ಕಾಣುವುವು. ಕರ್ನಾಟಕದಲ್ಲಿ ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಪ್ರಮುಖ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಆ ಯಂತ್ರಗಳ ಒಂದೊಂದು ರೆಕ್ಕೆಯನ್ನೂ ಉದ್ದನೆಯ ಟ್ರೇಲರಿನ ಮೇಲೆ ಮಲಗಿಸಿ, ತಿರುವು ತಿರುವಿನಲ್ಲಿಯೂ ಸಂಚಾರವನ್ನು ನಿಲ್ಲಿಸಿ ಒಯ್ಯುವುದನ್ನು ಹೆದ್ದಾರಿಯ ಜನರು ನೋಡಿದ್ದಾರೆ. ಅದರ ಮುಂದೆ ಗೃಹಸ್ಥರ ದೋಣಿ ಆಟಿಕೆಯಂತಿದೆ. ಗಾಳಿಯನ್ನು ಹಿಡಿಯುವ ಸಾಧನವನ್ನು ನೆಲದ ಮೇಲೆ ಎಳೆದುಕೊಂಡು ಹೋಗುವುದೇ ಹುಚ್ಚಾಟವಾದರೆ, ಆ ಹುಚ್ಚಾಟದಿಂದಲೇ ಎಷ್ಟೋ ಹಳ್ಳಿಗಳ ದೀಪಗಳು ಉರಿಯುತ್ತಿವೆ ಎನ್ನಬೇಕು. ನೀರಿನ ಕೊರತೆಯ ಸೀಮೆಗೆ ದೇವರು ಗಾಳಿಯನ್ನಾದರೂ ಧಾರಾಳವಾಗಿ ಕೊಟ್ಟಿದ್ದಾನೆ.

ಬಾಬಾಬುಡನ್ ಗಿರಿಗಳ ಕಡೆಯಿಂದ ಇಳಿದುಬರುವ ವೇದಾವತಿಯನ್ನು ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ ತಡೆದು ನಿಲ್ಲಿಸಿದ್ದು ಮೈಸೂರು ಸಂಸ್ಥಾನದವರ ಸಾಹಸ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ೧೮೯೮ರಲ್ಲಿ ಪ್ರಾರಂಭವಾದ ಕಟ್ಟಡವು ೧೯೦೭ರಲ್ಲಿ ಮುಗಿಯಿತು. ಆ ಕಾಲದಲ್ಲಿ ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವೆನಿಸಿತು. ೧೩೦ ಅಡಿಗೆ ನೀರು ನಿಂತರೆ ಸುಮಾರು ೩೦ ಟಿ.ಎಂ.ಸಿ. ನೀರು ಸಂಗ್ರಹವಾಗುವುದು. ಆದರೆ ಅಷ್ಟು ನೀರು ನಿಲ್ಲುವುದೇ ಅಪೂರ್ವ. ೧೯೩೩ರಲ್ಲಿ ಒಮ್ಮೆ ಕೋಡಿ ಹರಿಯಿತು. ಆ ಕೋಡಿಯನ್ನು ಕಂಡ ಮಕ್ಕಳು ಮುದುಕರಾದರು, ಮುದುಕರಾಗಿ ತೀರಿಕೊಂಡರು. ಎರಡನೆಯ ಸಲ ಕೋಡಿ ಬಿದ್ದುದು ೨೦೨೨ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. ಮತ್ತೆ ೨೦೨೫ರ ಜನವರಿಯಲ್ಲಿ ಮೂರನೆಯ ಸಲ. ಭದ್ರೆಯ ನೀರನ್ನು ಎತ್ತಿ, ಅಜ್ಜಂಪುರದ ಕಡೆಯ ಸುರಂಗದ ಮೂಲಕ ಈ ಕಡೆಗೆ ತಿರುಗಿಸಿದುದೂ ಇದಕ್ಕೆ ಒದಗಿಬಂದಿತು. ದೋಣಿಯನ್ನು ಎಳೆದು ತಂದವರನ್ನು ನಗುವುದು ಸುಲಭ. ಇಲ್ಲಿ ಹೊಳೆಯನ್ನೇ ಎಳೆದು ತಂದಿದ್ದಾರೆ!

ದಡಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಬೋರಲು ಹಾಕಿದ ತೆಪ್ಪ. ಈ ನಾಡಿನ ಹಳೆಯ ದೋಣಿಯೆಂದರೆ ಇದೇ. ೧೫೨೦ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಬುಟ್ಟಿಯಂತೆ ದುಂಡಗಿದ್ದು ಚರ್ಮ ಹೊದಿಸಿದ ಈ ದೋಣಿಗಳನ್ನು ವರ್ಣಿಸಿದ್ದಾನೆ. ಹದಿನೈದು ಇಪ್ಪತ್ತು ಮಂದಿ ಕೂರಬಹುದು, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುವುದು ಎಂಬುದು ಅವನ ಮಾತಿನ ಸಾರಾಂಶ. ೧೮೦೩ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿಯು ಮಳೆಗಾಲದ ಹೊಳೆಗಳಿಗೆ ಇಂತಹ ಬುಟ್ಟಿದೋಣಿಗಳನ್ನೇ ನೆಚ್ಚಿದನು. ಬಿದಿರು ಹೆಣಿಗೆಯ ಮೇಲಿನ ಚರ್ಮ ಹೋಗಿ ಟಾರು ಬಳಿದ ಪ್ಲಾಸ್ಟಿಕ್ ಬಂದಿತು. ಈಗ ಫೈಬರಿನ ತೆಪ್ಪವೂ ಬಂದಿದೆ. ಆದರೆ ಅದನ್ನು ಒಯ್ಯುವ ರೀತಿ ಬದಲಾಗಿಲ್ಲ. ಕೆರೆಯ ಮೀನಿಗೆ ಹೊಟ್ಟೆಪಾಡು ಕಟ್ಟಿಕೊಂಡವನು ಒಂದು ಕೆರೆ ಬತ್ತಿದರೆ ಇನ್ನೊಂದಕ್ಕೆ ಹೊರಡುವನು. ತೆಪ್ಪವನ್ನು ಛತ್ರಿಯಂತೆ ಬೆನ್ನು ತಲೆಗಳ ಮೇಲೆ ಹೊತ್ತೋ, ಲಾರಿಯ ಮೇಲೆ ಏರಿಸಿಯೋ ಸಾಗುವನು; ಹೆಂಡತಿ ಮಕ್ಕಳು, ಪಾತ್ರೆ ಪಡಗ, ಬಲೆಯ ಗಂಟುಗಳು ಜೊತೆಯಲ್ಲಿಯೇ. ಮನೆಯೂ ದೋಣಿಯೂ ಒಟ್ಟಿಗೆ ಸಂಚರಿಸುವ ಬಾಳು ಗೃಹಸ್ಥರಿಗೆ ವಿನೋದ, ಅವನಿಗೆ ಅನ್ನ. ಈ ಭೇದವನ್ನು ಕಾಣದವನು ಹಾಯಿಯನ್ನು ಎತ್ತಲು ಅರ್ಹನಲ್ಲ.

ಹಾಯಿಯನ್ನು ಎತ್ತುವ ಮುನ್ನ ಎರಡು ಕರ್ತವ್ಯಗಳಿವೆ. ಒಂದು, ಜಲಾಶಯವನ್ನು ನೋಡಿಕೊಳ್ಳುವ ಅಧಿಕಾರಿಗಳ ಅನುಮತಿಯನ್ನು ಪಡೆಯುವುದು. ಏಕೆಂದರೆ ಅದು ಜನರು ಕುಡಿಯುವ ನೀರು. ಎರಡು, ತೆಪ್ಪದವನನ್ನು ಕೇಳುವುದು. ಬಲೆಗಳನ್ನು ಎಲ್ಲಿ ಹಾಸಿದೆ, ಕೆಸರು ಎಲ್ಲಿದೆ, ಗುಡ್ಡಗಳ ಸಂದಿಯಿಂದ ಗಾಳಿ ಯಾವ ಹೊತ್ತಿಗೆ ಹೊಡೆಯುವುದು ಎಂಬುದನ್ನು ಯಾವ ನಕಾಶೆಯೂ ತಿಳಿಸಲಾರದು. “ಮಧ್ಯಾಹ್ನದ ಮ್ಯಾಲೆ ಗಾಳಿ ನಂಬಬ್ಯಾಡ್ರಿ ಸ್ವಾಮಿ” ಎಂದು ಅವನು ಎಚ್ಚರಿಸಿದರೆ ಅದು ಸಾವಿರ ರೂಪಾಯಿಯ ಮಾತು.

ಜೋಡಿದೋಣಿಗೆ ಒಂದು ವಿಶೇಷ ಗುಣವಿದೆ, ಒಂದು ವಿಶೇಷ ದೋಷವೂ ಇದೆ. ಅಗಲವಾಗಿರುವುದರಿಂದ ಸುಲಭವಾಗಿ ಓಲಾಡದು, ಅದು ಗುಣ. ಆದರೆ ಒಂದು ಎಲ್ಲೆಯನ್ನು ಮೀರಿ ಮಗುಚಿದರೆ ತಾನಾಗಿ ಏಳದು; ಅದು ದೋಷ. ಆಗ ನೀರಿನಲ್ಲಿ ಬಿದ್ದವರು ಕೆಳಗಿನ ಒಡಲಿನ ಮೇಲೆ ಹತ್ತಿ ನಿಂತು, ಮೇಲಿನ ಒಡಲಿಗೆ ಕಟ್ಟಿದ ಹಗ್ಗವನ್ನು ಹಿಡಿದು, ಹಿಂದಕ್ಕೆ ಬಾಗಿ ತಮ್ಮ ಮೈಭಾರದಿಂದ ಕೂವೆಮರವನ್ನು ನೀರಿನಿಂದ ಎಬ್ಬಿಸಬೇಕು. ಹದಿನಾರಡಿಯ ದೋಣಿಗೆ ಸಾಮಾನ್ಯವಾಗಿ ಒಬ್ಬರ ಭಾರ ಸಾಲದು, ಇಬ್ಬರು ಬೇಕು. ಗೃಹಸ್ಥರು ಇದನ್ನು ಮನೆಯಾಕೆಗೆ ಮುಚ್ಚಿಡದೆ ಹೇಳಬೇಕು. ಹೇಳಿದರೆ ಆಕೆ ಹೆದರಿ ಹಿಂದೆಗೆಯಬಹುದು. ಮುಚ್ಚಿಟ್ಟರೆ ಅವರು ಆಕೆಯ ಪ್ರಾಣವನ್ನು ತಮ್ಮ ವಿನೋದಕ್ಕೆ ಒತ್ತೆಯಿಟ್ಟಂತೆ. ಈ ಒಂದು ಗಳಿಗೆಯಲ್ಲಿ ಯಾತ್ರೆಯ ಯೋಗ್ಯತೆಯೆಲ್ಲ ತೂಗಲ್ಪಡುವುದು.

ನಿಜವನ್ನು ಕೇಳಿದ ಹೆಂಗಸು ಏನು ಮಾಡುವಳು? ತಮ್ಮನನ್ನು ನುಂಗಿದ ನೀರು ಇದೇ ಜಾತಿಯದು. ಆದರೆ ಹೆದರಿಕೆಯು ಎಷ್ಟೋ ವೇಳೆ ತಿಳಿವಳಿಕೆ ಇಲ್ಲದೆಡೆಯಲ್ಲಿ ಬೆಳೆಯುವುದು. ತೇಲುವ ಅಂಗಿಯನ್ನು ತೊಟ್ಟು, ಅದರ ಪಟ್ಟಿಗಳನ್ನು ತಾನೇ ಎರಡು ಸಲ ಎಳೆದು ನೋಡಿ, ಮೊಣಕಾಲು ನೀರಿನಲ್ಲಿ ಹಗ್ಗ ಹಿಡಿದು ಬಾಗುವುದನ್ನು ಅಭ್ಯಾಸ ಮಾಡಿ, ಕಣಿವೆ ಮಾರಮ್ಮನಿಗೆ ಒಂದು ಹರಕೆ ಕಟ್ಟಿಕೊಂಡು ಆಕೆ ದೋಣಿಯ ಮೇಲೆ ಕೂತರೆ, ಅದು ಗಂಡನ ಹುಚ್ಚಿಗೆ ಸೋತದ್ದಲ್ಲ. ಐವತ್ತು ವರ್ಷ ದೂರದಿಂದಲೇ ಕೈಮುಗಿದು ಹೆದರಿದ ನೀರಿನ ಹತ್ತಿರಕ್ಕೆ ಹೋಗಿ ಅದರ ಗುಣವನ್ನು ತಿಳಿದುಕೊಂಡದ್ದು. ಕೂರದೆ ದಡದಲ್ಲಿಯೇ ಉಳಿದರೆ ಅದೂ ಆಕೆಯ ನ್ಯಾಯ. ಆಗ ಗೃಹಸ್ಥರು ಹಾಯಿಯನ್ನು ಎತ್ತದೆ ಸುತ್ತಿಡುವುದೇ ಗಂಡಸುತನ. ಇಬ್ಬರ ಭಾರವನ್ನು ಬೇಡುವ ದೋಣಿಯಲ್ಲಿ ಒಬ್ಬರ ಹಠಕ್ಕೆ ಸ್ಥಳವಿಲ್ಲ.

ನೀರಿನ ಮೇಲೆ ಹಾಯಿದೋಣಿಯು ಏನನ್ನೂ ಸುಡುವುದಿಲ್ಲ, ಏನನ್ನೂ ಚೆಲ್ಲುವುದಿಲ್ಲ. ಹೋದ ದಾರಿಯ ಗೆರೆಯೂ ಕ್ಷಣದಲ್ಲಿ ಅಳಿಸುವುದು. ಅಲ್ಲಿಗೆ ತಲುಪುವುದಕ್ಕೆ ಮಾತ್ರ ಡೀಸೆಲು ಸುಡಬೇಕು, ರಸ್ತೆ ಸವೆಯಬೇಕು. ಆ ಸಾಲವನ್ನು ತೀರಿಸುವ ಬಗೆಯೊಂದುಂಟು. ಎಂಬತ್ತೊಂಬತ್ತು ವರ್ಷ ಕಾದು ತುಂಬಿದ ನೀರಿನ ನಡುವೆ ಕುಳಿತು, ಅದರ ಆಳವನ್ನೂ ಗುಡ್ಡಗಳವರೆಗೆ ಹರಡಿದ ಅದರ ಮೈಯನ್ನೂ ಕಣ್ಣಾರೆ ಕಂಡವನು ಊರಿಗೆ ಮರಳಿ ಒಂದು ಕೊಡವನ್ನು ವ್ಯರ್ಥವಾಗಿ ಚೆಲ್ಲುವ ಮುನ್ನ ಕೈ ತಡೆದರೆ, ಕೇರಿಯ ನಾಲ್ಕು ಹುಡುಗರಿಗೆ ಈಜು ಕಲಿಸುವ ಏರ್ಪಾಟನ್ನು ಮಾಡಿದರೆ, ಎಳೆದ ಶ್ರಮ ಸಾರ್ಥಕವಾಗುವುದು. ಮುಂದಿನ ಕೋಡಿ ಯಾವ ವರ್ಷ ಬೀಳುವುದೋ ಯಾರೂ ಹೇಳಲಾರರು. ಆ ವರ್ಷ ಕೆರೆಯ ದಡಕ್ಕೆ ಓಡುವ ಮಕ್ಕಳೆಲ್ಲರೂ ಸಂಜೆಗೆ ಮನೆಗೆ ಮರಳುವಂತಾಗಬೇಕು.